ಇನ್ಸುಲಿನ್‌ಗೆ ಸೂಕ್ಷ್ಮಸೂಜಿಯ ಪ್ಯಾಚ್ ಬರುತ್ತದೆಯೇ? ಲಸಿಕೆಗೆ ಬರುತ್ತದೆಯೇ?

ಪ್ರಶ್ನೆ: ನಮ್ಮದು ಹೊಸನಗರ ತಾಲ್ಲೂಕಿನ ಹಳ್ಳಿ. 68 ವರ್ಷದ ಅಮ್ಮ ದಿನಕ್ಕೆ ಎರಡು ಹೊತ್ತು 30/70 ಇನ್ಸುಲಿನ್ ತೆಗೆದುಕೊಳ್ಳುತ್ತಾರೆ. ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟ್ ಇರುವುದಿಲ್ಲ, ಔಷಧಿ ಕೆಡದಂತೆ ಇಡುವುದೇ ಚಿಂತೆ. ಪ್ಲಾಸ್ಟಿಕ್ಕಿನ ಸಣ್ಣ ಸಣ್ಣ ಸೂಜಿಗಳಿರುವ, ನೋವಿಲ್ಲದೆ ಚರ್ಮಕ್ಕೆ ಅಂಟಿಸುವ ಇನ್ಸುಲಿನ್ ಪ್ಯಾಚ್ ಬಂದಿದೆ ಎಂದು ಮೊಬೈಲಿನಲ್ಲಿ ನೋಡಿದೆ. ಅದು ಅಮ್ಮನಿಗೆ ಆಗುತ್ತದೆಯೇ? ಸೂಜಿ ಮುರಿದು ಒಳಗೇ ಉಳಿದರೆ ತೊಂದರೆಯಿಲ್ಲವೇ? ನಾನು ಆಶಾ ಕಾರ್ಯಕರ್ತೆ. ಮಂಗನ ಕಾಯಿಲೆಗೆ ಇಂಥ ಪ್ಯಾಚಿನಲ್ಲಿ ಲಸಿಕೆ ಕೊಡಲು ಸಾಧ್ಯವೇ ಎಂಬುದನ್ನೂ ದಯವಿಟ್ಟು ತಿಳಿಸಿ.

ಉತ್ತರ: ಮೊದಲ ಪ್ರಶ್ನೆಗೆ ನೇರವಾಗಿಯೇ ಉತ್ತರಿಸುತ್ತೇನೆ. ನಾನು ಇದನ್ನು ಬರೆಯುವ ಹೊತ್ತಿಗೆ ಸೂಕ್ಷ್ಮಸೂಜಿಯ ಇನ್ಸುಲಿನ್ ಪ್ಯಾಚ್ ಯಾವುದಕ್ಕೂ ನಮ್ಮ ದೇಶದಲ್ಲಿ ಮಾರಾಟದ ಅನುಮತಿ ದೊರೆತಿಲ್ಲ. ಆದ್ದರಿಂದ ಮೊಬೈಲಿನಲ್ಲಿ ಕಂಡದ್ದನ್ನು ನಂಬಿ ಏನನ್ನೂ ತರಿಸಬೇಡಿ. ಅಮ್ಮನ ಇನ್ಸುಲಿನ್ ಅನ್ನು ಒಂದು ಹೊತ್ತೂ ತಪ್ಪಿಸಬೇಡಿ. ಹಾಗೆಂದು ಈ ತಂತ್ರಜ್ಞಾನವೇ ಸುಳ್ಳು ಎಂದು ತಿಳಿಯಬೇಕಾಗಿಲ್ಲ. ಲಸಿಕೆಯ ಮಟ್ಟಿಗೆ ಅದು ಮಕ್ಕಳ ಮೇಲಿನ ಪರೀಕ್ಷೆಯವರೆಗೂ ಬಂದು ಒಳ್ಳೆಯ ಫಲಿತಾಂಶ ಕೊಟ್ಟಿದೆ, ಇನ್ಸುಲಿನ್‌ನ ಮಟ್ಟಿಗೆ ಇನ್ನೂ ಬಹಳ ಹಿಂದಿದೆ. ಒಂದೇ ಬಗೆಯ ಸೂಜಿ ಒಂದಕ್ಕೆ ಒಗ್ಗಿ ಇನ್ನೊಂದಕ್ಕೆ ಏಕೆ ಒಗ್ಗುತ್ತಿಲ್ಲ ಎಂಬುದು ಅರ್ಥವಾದರೆ ನಿಮ್ಮ ಮೂರೂ ಪ್ರಶ್ನೆಗಳಿಗೆ ಉತ್ತರ ಸಿಕ್ಕಂತೆ. ಔಷಧಿ ತಯಾರಿಕೆಯ ಈ ಭಾಗದಲ್ಲಿಯೇ ಕೆಲಸ ಮಾಡಿಕೊಂಡು ಬಂದವನಾದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ನಮ್ಮ ಚರ್ಮದ ತೀರ ಹೊರಗಿನ ಪದರ ಸತ್ತ ಜೀವಕೋಶಗಳದ್ದು. ಮೈಯ ಹೆಚ್ಚಿನ ಭಾಗಗಳಲ್ಲಿ ಅದರ ದಪ್ಪ 10ರಿಂದ 20 ಮೈಕ್ರಾನ್, ಅಂದರೆ ಒಂದು ಮಿಲಿಮೀಟರಿನ ಐವತ್ತನೇ ಒಂದು ಭಾಗವನ್ನು ಮೀರುವುದಿಲ್ಲ. ಇಷ್ಟು ತೆಳುವಾಗಿದ್ದರೂ ನೀರು, ರೋಗಾಣು, ಔಷಧಿ ಎಲ್ಲವನ್ನೂ ತಡೆದು ನಿಲ್ಲಿಸುವುದು ಇದೇ ಪದರ. ಅಣುತೂಕ ಸುಮಾರು 500 ಡಾಲ್ಟನ್‌ಗಿಂತ ಕಡಿಮೆಯಿದ್ದು, ಕೊಬ್ಬಿನಲ್ಲಿ ಕರಗುವ ಗುಣವೂ ಇರುವ ಕೆಲವೇ ಔಷಧಿಗಳು ಇದನ್ನು ದಾಟಬಲ್ಲವು. ಸಿಗರೇಟಿನ ಚಟ ಬಿಡಿಸುವ ನಿಕೋಟಿನ್ ಪ್ಯಾಚ್ ಕೆಲಸ ಮಾಡುವುದು ನಿಕೋಟಿನ್‌ನ ಅಣುತೂಕ ಬರೀ 162 ಆಗಿರುವುದರಿಂದ. ಇನ್ಸುಲಿನ್‌ನದು ಸುಮಾರು 5,800. ಮುಲಾಮು ಮಾಡಿ ತಿಕ್ಕಿದರೂ, ಪಟ್ಟಿಗೆ ಹಚ್ಚಿ ಅಂಟಿಸಿದರೂ ಅದು ಹೊರಗೇ ಉಳಿಯುತ್ತದೆ. ನುಂಗಿದರೆ ಜಠರ ಮತ್ತು ಕರುಳಿನ ರಸಗಳು ಅದನ್ನು ಒಡೆದುಹಾಕುತ್ತವೆ. ಚುಚ್ಚುವುದು ಅನಿವಾರ್ಯವಾಗಿರುವುದು ಈ ಕಾರಣಕ್ಕೆ.

ಆದರೆ ದಾಟಬೇಕಾದ ಪದರ ಇಷ್ಟು ತೆಳುವಾಗಿರುವಾಗ ಅಷ್ಟು ಉದ್ದದ ಸೂಜಿ ಏಕೆ ಬೇಕು ಎಂಬ ಪ್ರಶ್ನೆ ಸಹಜ. ಅಮೆರಿಕದ ಆಲ್ಜಾ ಎಂಬ ಕಂಪನಿ ಇದೇ ಆಲೋಚನೆಗೆ 1976ರಲ್ಲಿಯೇ ಪೇಟೆಂಟ್ ಪಡೆದಿತ್ತು. ಅಷ್ಟು ಸಣ್ಣ ಸೂಜಿಗಳನ್ನು ಒಂದೇ ಅಳತೆಯಲ್ಲಿ ಸಾಲಾಗಿ ಮಾಡುವ ಉಪಾಯ ಆಗ ಇರಲಿಲ್ಲ. ಕಂಪ್ಯೂಟರ್ ಚಿಪ್ ಮಾಡುವ ವಿಧಾನಗಳು ಬಲಿತ ಮೇಲೆ, 1998ರಲ್ಲಿ, ಅಮೆರಿಕದ ವಿಶ್ವವಿದ್ಯಾಲಯವಾದ ಜಾರ್ಜಿಯಾ ಟೆಕ್‌ನಲ್ಲಿ ಮಾರ್ಕ್ ಪ್ರಾಸ್ನಿಟ್ಜ್ ಮತ್ತು ಅವರ ಸಂಗಡಿಗರು ಸಿಲಿಕಾನ್‌ನಿಂದ ಇಂಥ ಸೂಜಿಗಳನ್ನು ಮಾಡಿ, ಪ್ರಯೋಗಾಲಯದಲ್ಲಿಟ್ಟ ಮಾನವ ಚರ್ಮದಲ್ಲಿ ಔಷಧಿ ದಾಟುವ ಪ್ರಮಾಣ ಸಾವಿರಪಟ್ಟಿಗೂ ಹೆಚ್ಚಾಗುವುದನ್ನು ತೋರಿಸಿದರು. ಸಿಲಿಕಾನ್ ದುಬಾರಿಯಾದದ್ದು, ಪುಡಿಯಾಗುವ ಸ್ವಭಾವದ್ದು. ಮುರಿದು ಚರ್ಮದೊಳಗೆ ಉಳಿದರೆ ಅದು ಕರಗುವುದಿಲ್ಲ. ನಿಮಗೆ ಬಂದ ಅನುಮಾನವೇ ಆಗ ಸಂಶೋಧಕರಿಗೂ ಬಂದದ್ದರಿಂದ ಅವರು ಪಾಲಿಮರ್ ಕಡೆಗೆ, ಅಂದರೆ ಸಣ್ಣ ಅಣುಗಳು ಸರಪಳಿಯಂತೆ ಕೂಡಿಕೊಂಡು ಆದ ವಸ್ತುಗಳ ಕಡೆಗೆ ತಿರುಗಿದರು.

ಇಲ್ಲಿ ಪಾಲಿಮರ್ ಎಂದರೆ ಬಕೆಟ್ಟು, ಕೊಡಪಾನದ ಪ್ಲಾಸ್ಟಿಕ್ ಎಂದುಕೊಳ್ಳಬೇಡಿ. ಬಳಸುವ ವಸ್ತುಗಳು ಹಲವು, ಮತ್ತು ಸೂಜಿ ಒಳಹೊಕ್ಕ ಮೇಲೆ ಆ ವಸ್ತು ಏನಾಗುತ್ತದೆ ಎಂಬುದರ ಮೇಲೆ ಇಡೀ ಪ್ಯಾಚಿನ ಸ್ವಭಾವ ನಿಂತಿದೆ. ಪಿವಿಪಿ, ಕಾರ್ಬಾಕ್ಸಿಮೀಥೈಲ್ ಸೆಲ್ಯುಲೋಸ್, ಹೈಲುರಾನಿಕ್ ಆಮ್ಲ ಮುಂತಾದವು ನೀರಿನಲ್ಲಿ ಕರಗುವಂಥವು. ಇವುಗಳ ಸೂಜಿ ಚರ್ಮದೊಳಗಿನ ದ್ರವ ತಗುಲಿದ ಕೂಡಲೇ ಕರಗಲು ತೊಡಗಿ, ತನ್ನೊಳಗೆ ಬೆರೆಸಿಟ್ಟ ಔಷಧಿಯನ್ನು ಕೆಲವು ನಿಮಿಷಗಳಲ್ಲಿ ಬಿಟ್ಟುಕೊಡುತ್ತದೆ; ಪಟ್ಟಿಯನ್ನು ಕಿತ್ತಾಗ ಹಿಂಬದಿಯ ಹಾಳೆ ಮಾತ್ರ ಕೈಗೆ ಬರುತ್ತದೆ. ಎರಡನೆಯ ಬಗೆ ಪಿಎಲ್‌ಜಿಎ. ಇದು ಕರಗುವುದಿಲ್ಲ, ವಾರಗಟ್ಟಲೆ ತಿಂಗಳುಗಟ್ಟಲೆ ನಿಧಾನವಾಗಿ ಒಡೆದು ಲ್ಯಾಕ್ಟಿಕ್ ಮತ್ತು ಗ್ಲೈಕಾಲಿಕ್ ಆಮ್ಲಗಳಾಗಿ, ಕೊನೆಗೆ ಶರೀರದಿಂದ ಹೊರಟುಹೋಗುತ್ತದೆ. ಬಾಣಂತಿಯರಿಗೆ ಹಾಕುವ, ಬಿಚ್ಚುವ ಅಗತ್ಯವಿಲ್ಲದ ಹೊಲಿಗೆಯ ದಾರವೂ ಇದೇ ಆಮ್ಲಗಳಿಂದಾದದ್ದು. ಗರ್ಭನಿರೋಧಕ ಹಾರ್ಮೋನನ್ನು ಇಂಥ ಸೂಜಿಗಳಲ್ಲಿ ತುಂಬಿ, ಒಮ್ಮೆ ಒತ್ತಿದರೆ ತಿಂಗಳಿಗೂ ಹೆಚ್ಚು ಕಾಲ ಅದು ರಕ್ತಕ್ಕೆ ಸೇರುತ್ತಿರುವುದನ್ನು 2019ರಲ್ಲಿ ಇಲಿಗಳಲ್ಲಿ ತೋರಿಸಲಾಗಿದೆ. ಮೂರನೆಯದು ಹೈಡ್ರೋಜೆಲ್. ಬೆಲ್‌ಫಾಸ್ಟ್‌ನ ಕ್ವೀನ್ಸ್ ವಿಶ್ವವಿದ್ಯಾಲಯದಲ್ಲಿ ರಯಾನ್ ಡೊನೆಲಿ ಮತ್ತು ಅವರ ತಂಡ ಬೆಳೆಸಿದ ಈ ಬಗೆಯಲ್ಲಿ ಸೂಜಿಯೊಳಗೆ ಔಷಧಿಯೇ ಇರುವುದಿಲ್ಲ. ಸೂಜಿ ಚರ್ಮದ ದ್ರವವನ್ನು ಹೀರಿ ಉಬ್ಬಿ, ಹಿಂಬದಿಯ ಪದರದಲ್ಲಿಟ್ಟ ಔಷಧಿಗೆ ದಾರಿಯಾಗುತ್ತದೆ. ಕೆಲಸ ಮುಗಿದ ಮೇಲೆ ಇಡಿಯಾಗಿ ಹೊರಗೆ ಬರುತ್ತದೆ.

ಕರಗುವ ಸೂಜಿಗಳನ್ನು ಮಾಡುವ ರೀತಿಯನ್ನು ಹತ್ತಿರದಿಂದ ಹೇಳುತ್ತೇನೆ, ಏಕೆಂದರೆ ಅವುಗಳ ಶಕ್ತಿಯೂ ದೌರ್ಬಲ್ಯವೂ ಅಲ್ಲಿಯೇ ಕಾಣುತ್ತವೆ. ಸಿಲಿಕೋನ್ ರಬ್ಬರಿನ ಅಚ್ಚಿನಲ್ಲಿ ಕೆಳಗೆ ಹೋದಂತೆ ಕಿರಿದಾಗುವ ನೂರಾರು ಕುಳಿಗಳಿರುತ್ತವೆ, ಒಂದೊಂದರ ಆಳ ಅರ್ಧ ಮಿಲಿಮೀಟರಿನಿಂದ ಒಂದು ಮಿಲಿಮೀಟರಿನವರೆಗೆ. ಪಾಲಿಮರನ್ನೂ ಔಷಧಿಯನ್ನೂ ನೀರಿನಲ್ಲಿ ಕಲಸಿದ ಪಾಕವನ್ನು ಅದರ ಮೇಲೆ ಸುರಿದರೆ ಅದು ತಾನಾಗಿ ಕುಳಿಯ ತುದಿಗೆ ಇಳಿಯುವುದಿಲ್ಲ, ಒಳಗೆ ಗಾಳಿ ಸಿಕ್ಕಿಕೊಂಡಿರುತ್ತದೆ. ನಿರ್ವಾತದಲ್ಲಿಟ್ಟೋ ಸೆಂಟ್ರಿಫ್ಯೂಜ್ ಯಂತ್ರದಲ್ಲಿ ತಿರುಗಿಸಿಯೋ ಆ ಗಾಳಿಯನ್ನು ಹೊರಡಿಸಬೇಕು. ಆಮೇಲೆ ಗಂಟೆಗಟ್ಟಲೆ ಒಣಗಿಸಬೇಕು. ಬಿಸಿ ಮಾಡಿದರೆ ಲಸಿಕೆ, ಇನ್ಸುಲಿನ್‌ನಂಥವು ಹಾಳಾಗುವುದರಿಂದ ಕೋಣೆಯ ಉಷ್ಣತೆಯಲ್ಲಿ, ತೇವವಿಲ್ಲದ ಗಾಳಿಯಲ್ಲಿಯೇ ಒಣಗಬೇಕು. ಅಚ್ಚಿನಿಂದ ಬಿಡಿಸಿದ ಪಟ್ಟಿಯನ್ನು ಸೂಕ್ಷ್ಮದರ್ಶಕದ ಕೆಳಗೆ ಓರೆಯಾಗಿ ಹಿಡಿದಾಗ ಎಲ್ಲ ತುದಿಗಳೂ ಚೂಪಾಗಿ, ಒಂದೇ ಎತ್ತರದಲ್ಲಿ ನಿಂತಿದ್ದರೆ ಅರ್ಧ ಕೆಲಸವಾದಂತೆ. ಹಂದಿಯ ಕಿವಿಯ ಚರ್ಮದ ಮೇಲೆ ಹೆಬ್ಬೆರಳಿನಿಂದ ಒತ್ತಿ ತೆಗೆದು ಅಲ್ಲಿ ನೀಲಿ ಬಣ್ಣದ ದ್ರಾವಣ ಹಚ್ಚಿ ಒರೆಸಿದರೆ, ಸೂಜಿ ಇಳಿದಲ್ಲೆಲ್ಲ ನೀಲಿ ಚುಕ್ಕೆ ಉಳಿಯುತ್ತದೆ. ಚುಕ್ಕೆಗಳ ಸಾಲಿನಲ್ಲಿ ಖಾಲಿ ಜಾಗ ಕಂಡರೆ ಅಲ್ಲಿ ಸೂಜಿ ಬಾಗಿತು ಅಥವಾ ಚರ್ಮವೇ ತಗ್ಗಿತು ಎಂದು ಅರ್ಥ. ವಯಸ್ಸಾದವರ ಸಡಿಲ ಚರ್ಮದಲ್ಲಿ ಈ ಎರಡನೆಯ ತೊಂದರೆ ಹೆಚ್ಚು. ನಿಮ್ಮ ಅಮ್ಮನಂಥವರಿಗಾಗಿ ಪ್ಯಾಚ್ ಮಾಡುವವರು ಇದನ್ನು ಮರೆಯುವಂತಿಲ್ಲ.

ಇನ್ನು ಸೂಜಿ ಮುರಿದರೆ ಎಂಬ ಭಯ. ಕರಗುವ ಸೂಜಿ ಒಳಗೆ ಉಳಿಯಲೆಂದೇ ಮಾಡಿದ್ದು. ಮುರಿದು ಉಳಿದರೂ ಕರಗುತ್ತದೆ. ಹೈಲುರಾನಿಕ್ ಆಮ್ಲ ನಮ್ಮ ಚರ್ಮದಲ್ಲಿಯೇ ಇರುವ ವಸ್ತು, ಅದನ್ನು ಒಡೆಯುವ ಕಿಣ್ವವೂ ಅಲ್ಲಿಯೇ ಇದೆ. ಸಣ್ಣ ಅಣುತೂಕದ ಪಿವಿಪಿ ಮೂತ್ರಪಿಂಡದ ಮೂಲಕ ಹೊರಹೋಗುತ್ತದೆ. ವರ್ಷಕ್ಕೆ ಒಂದೆರಡು ಸಲ ಹಾಕುವ ಲಸಿಕೆಯ ಪ್ಯಾಚಿನಿಂದ ಒಳಸೇರುವ ಪಾಲಿಮರ್ ಕೆಲವು ಮಿಲಿಗ್ರಾಂ ಮಾತ್ರವಾದ್ದರಿಂದ ನನಗೆ ಆ ವಿಷಯದಲ್ಲಿ ಆತಂಕವಿಲ್ಲ. ಆದರೆ ಇನ್ಸುಲಿನ್‌ನಂತೆ ದಿನಕ್ಕೆರಡು ಸಲ, ವರ್ಷಗಟ್ಟಲೆ ಅಂಟಿಸುವುದಾದರೆ ಲೆಕ್ಕವೇ ಬೇರೆ. ಮೂತ್ರಪಿಂಡ ದಾಟಲಾರದಷ್ಟು ದೊಡ್ಡ ಅಣುಗಳು ಶರೀರದಲ್ಲಿ ಶೇಖರವಾಗುತ್ತವೆಯೇ ಎಂಬುದನ್ನು ದೀರ್ಘಕಾಲ ಪರೀಕ್ಷಿಸದೆ ಅಂಥ ಪ್ಯಾಚನ್ನು ಯಾರೂ ಹೊರತರಬಾರದು. ಸಕ್ಕರೆ ಕಾಯಿಲೆಯವರಲ್ಲಿ ಮೂತ್ರಪಿಂಡವೇ ಮೊದಲು ಸೋಲುವುದುಂಟು ಎನ್ನುವುದರಿಂದ ಈ ಮಾತಿಗೆ ಹೆಚ್ಚು ತೂಕ. ಸೂಜಿ ಮಾಡಿದ ರಂಧ್ರಗಳು ಚರ್ಮವನ್ನು ತೆರೆದಿಟ್ಟರೆ ಕೆಲವೇ ಗಂಟೆಗಳಲ್ಲಿ ಮುಚ್ಚಿಕೊಳ್ಳುತ್ತವೆ, ಪಟ್ಟಿಯಿಂದ ಮುಚ್ಚಿಟ್ಟರೆ ಹೆಚ್ಚು ಹೊತ್ತು ಹಿಡಿಯುತ್ತದೆ. ಸ್ವಲ್ಪ ಕೆಂಪಾಗುವುದು, ತುರಿಕೆ ಕಾಣುವುದು ಸಾಮಾನ್ಯ.

ಈಗ ಇನ್ಸುಲಿನ್‌ಗೆ ಬರೋಣ. ಮುಖ್ಯ ತೊಡಕು ಪ್ರಮಾಣದ್ದು. 600 ಮೈಕ್ರಾನ್ ಎತ್ತರ, ಬುಡದಲ್ಲಿ 300 ಮೈಕ್ರಾನ್ ಅಗಲವಿರುವ ಚೌಕ ಬುಡದ ಒಂದು ಸೂಜಿಯ ಗಾತ್ರ 0.018 ಘನ ಮಿಲಿಮೀಟರ್. ನೂರು ಸೂಜಿಗಳು ಸೇರಿದರೂ ಎರಡು ಘನ ಮಿಲಿಮೀಟರ್ ಆಗುವುದಿಲ್ಲ. ಪಾಲಿಮರ್, ಔಷಧಿ ಎಲ್ಲ ಸೇರಿ ಅವುಗಳ ತೂಕ ಎರಡು ಮಿಲಿಗ್ರಾಂ ಆಸುಪಾಸು. 500 ಮಿಲಿಗ್ರಾಂನ ಪ್ಯಾರಾಸಿಟಮಾಲ್ ಮಾತ್ರೆಯನ್ನು ಕರಗುವ ಸೂಜಿಗಳಲ್ಲಿ ತುಂಬುವುದು ಹಾಗಾಗಿ ಸಾಧ್ಯವೇ ಇಲ್ಲ. ಇನ್ಸುಲಿನ್ ಬಲವಾದ ಔಷಧಿ, ಒಂದು ಮಿಲಿಗ್ರಾಂ ಎಂದರೆ ಸುಮಾರು 29 ಯೂನಿಟ್. ಬೆಳಿಗ್ಗೆ 30 ಯೂನಿಟ್ ಬೇಕಾದವರಿಗೆ ನೂರು ಸೂಜಿಗಳ ಅರ್ಧ ಭಾಗ ಇನ್ಸುಲಿನ್ನೇ ಆಗಬೇಕು. ಹಾಗೆ ಮಾಡಿದರೆ ಪಾಲಿಮರ್ ಕಡಿಮೆಯಾಗಿ ಸೂಜಿ ಗಟ್ಟಿತನ ಕಳೆದುಕೊಳ್ಳುತ್ತದೆ. ಪಟ್ಟಿಯನ್ನು ದೊಡ್ಡದು ಮಾಡಬಹುದು. ಆಗ ಹೆಬ್ಬೆರಳಿನ ಒತ್ತಡ ಎಲ್ಲ ಸೂಜಿಗಳಿಗೂ ಸಮನಾಗಿ ಹಂಚಿಹೋಗುವುದಿಲ್ಲ.

ಇದಕ್ಕಿಂತ ಗಂಭೀರವಾದ ಮಾತು ಇನ್ನೊಂದಿದೆ. ಲಸಿಕೆಯ ಪ್ಯಾಚಿನಲ್ಲಿ ಹತ್ತು ಸೂಜಿ ಒಳಗಿಳಿಯದೆ ಹೋದರೂ ಸಾಮಾನ್ಯವಾಗಿ ರೋಗನಿರೋಧಕ ಶಕ್ತಿ ಬೆಳೆಯುತ್ತದೆ. ಇನ್ಸುಲಿನ್‌ನಲ್ಲಿ ಹಾಗಿಲ್ಲ. ಇವತ್ತು ಕಾಲುಭಾಗ ಕಡಿಮೆ, ನಾಳೆ ಪೂರ್ತಿ ಎಂದಾದರೆ ಸಕ್ಕರೆಯ ಅಂಶ ಒಂದು ದಿನ ಏರಿ ಮರುದಿನ ಅಪಾಯಕ್ಕೆ ಇಳಿಯುತ್ತದೆ. ನಿಮ್ಮ ವೈದ್ಯರು ರಕ್ತಪರೀಕ್ಷೆ ನೋಡಿ ಎರಡು ಯೂನಿಟ್ ಏರಿಸಿ ಇಳಿಸುತ್ತಾರಲ್ಲ, ಅಚ್ಚಿನಲ್ಲಿ ಹೊಯ್ದ ಪ್ಯಾಚಿನಲ್ಲಿ ಅದೂ ಆಗದು. ಅದರ ಮೇಲೆ, ಅಮ್ಮ ತೆಗೆದುಕೊಳ್ಳುವ 30/70 ಇನ್ಸುಲಿನ್ ಬರಿಯ ದ್ರಾವಣವಲ್ಲ. ಅದರ 70 ಭಾಗ ಪ್ರೋಟಮಿನ್ ಎಂಬ ಪ್ರೋಟೀನ್ ಜೊತೆ ಸೇರಿಸಿದ ಸಣ್ಣ ಹರಳುಗಳು. ಸೀಸೆಯನ್ನು ಮೆಲ್ಲಗೆ ಉರುಳಿಸಿದಾಗ ಬಿಳಿಯಾಗುವುದು ಅದಕ್ಕೇ. ಆ ಹರಳುಗಳು ಚರ್ಮದ ಕೆಳಗಿನ ಕೊಬ್ಬಿನಲ್ಲಿ ಕುಳಿತು ನಿಧಾನವಾಗಿ ಕರಗುವುದರಿಂದಲೇ ಆ ಔಷಧಿ ಅರ್ಧ ದಿನ ಕೆಲಸ ಮಾಡುತ್ತದೆ. ಸೂಕ್ಷ್ಮಸೂಜಿ ಕೊಬ್ಬಿನವರೆಗೆ ತಲುಪುವುದಿಲ್ಲ. ಅದು ಇಳಿಯುವ ಮೇಲಿನ ಪದರದಿಂದ ಇನ್ಸುಲಿನ್ ಇನ್ನೂ ಬೇಗ ರಕ್ತಕ್ಕೆ ಸೇರುತ್ತದೆ. ಹಾಗಾಗಿ ಈಗಿನ ಔಷಧಿಯನ್ನೇ ಒಣಗಿಸಿ ಸೂಜಿ ಮಾಡಿದರೆ ಅದೇ ಫಲ ಸಿಗುತ್ತದೆ ಎಂದು ಎಣಿಸುವಂತಿಲ್ಲ.

ಈ ತೊಡಕುಗಳಿಗೆ ಒಂದು ಸೊಗಸಾದ ಪರಿಹಾರವನ್ನು ಝೆನ್ ಗು ಎಂಬ ಸಂಶೋಧಕರ ತಂಡ ಹುಡುಕುತ್ತಿದೆ. ರಕ್ತದ ಸಕ್ಕರೆ ಏರಿದಾಗ ಮಾತ್ರ ಇನ್ಸುಲಿನ್ ಬಿಟ್ಟು, ಇಳಿದಾಗ ತಡೆಹಿಡಿಯುವ ಪಾಲಿಮರ್ ಸೂಜಿಗಳನ್ನು ಅವರು 2015ರಲ್ಲಿ ಇಲಿಗಳ ಮೇಲೆ, 2020ರಲ್ಲಿ ಬೇರೆ ಬಗೆಯ ಪಾಲಿಮರಿನಿಂದ ಮಾಡಿ ಹಂದಿಗಳ ಮೇಲೆ ಪರೀಕ್ಷಿಸಿ ಯಶಸ್ಸು ಕಂಡರು. ನೀವು ಮೊಬೈಲಿನಲ್ಲಿ ನೋಡಿದ್ದು ಬಹುಶಃ ಇದರ ಸುದ್ದಿಯೇ ಇರಬೇಕು. ಕೆಲಸ ನಿಜವಾದದ್ದು, ನನಗೆ ಅದರ ಮೇಲೆ ಗೌರವವಿದೆ. ಆದರೆ ಹಂದಿಯಿಂದ ಮನುಷ್ಯನಿಗೆ ಬರುವಾಗ ಏನಾಗಬಹುದು ಎನ್ನುವುದಕ್ಕೆ ಬೇರೊಂದು ಔಷಧಿಯ ಅನುಭವ ನಮ್ಮ ಮುಂದಿದೆ. ಮೂಳೆ ಸವೆತಕ್ಕೆ ಕೊಡುವ ಅಬಲೋಪ್ಯಾರಟೈಡ್ ಎಂಬ ಔಷಧಿಯನ್ನು ಪ್ಲಾಸ್ಟಿಕ್ ಸೂಕ್ಷ್ಮಸೂಜಿಗಳ ತುದಿಗೆ ಲೇಪಿಸಿದ ಪ್ಯಾಚ್ ಮೂರನೆಯ ಹಂತದ ಪರೀಕ್ಷೆಯವರೆಗೆ ಬಂತು. 2021ರಲ್ಲಿ ಫಲಿತಾಂಶ ಹೊರಬಿದ್ದಾಗ, ಒಂದು ವರ್ಷದಲ್ಲಿ ಬೆನ್ನುಮೂಳೆಯ ಸಾಂದ್ರತೆ ಚುಚ್ಚುಮದ್ದು ಪಡೆದವರಲ್ಲಿ ಶೇ. 11ರಷ್ಟು, ಪ್ಯಾಚ್ ಹಾಕಿಕೊಂಡವರಲ್ಲಿ ಶೇ. 7ರಷ್ಟು ಮಾತ್ರ ಹೆಚ್ಚಿತ್ತು. ನೋವು ಕಡಿಮೆಯಾದ ಮಾತ್ರಕ್ಕೆ ಫಲ ಕಡಿಮೆಯಾಗುವುದನ್ನು ಒಪ್ಪಲಾಗದು ಎಂಬ ಕಾರಣಕ್ಕೆ ಅದು ಅಲ್ಲಿಗೇ ನಿಂತಿತು. ಆ ನಿಲುವು ಸರಿಯಾದದ್ದೆಂದೇ ನನ್ನ ಅಭಿಪ್ರಾಯ.

ಲಸಿಕೆಗೆ ಬಂದರೆ ಚಿತ್ರವೇ ಬೇರೆ. ಬೇಕಾದ ಪ್ರಮಾಣ ಮಿಲಿಗ್ರಾಂನ ಸಣ್ಣ ಅಂಶ ಮಾತ್ರ. ಜೊತೆಗೆ, ರೋಗಾಣುವನ್ನು ಗುರುತು ಹಿಡಿದು ಸುದ್ದಿ ಮುಟ್ಟಿಸುವ ಜೀವಕೋಶಗಳು ಸ್ನಾಯುವಿಗಿಂತ ಚರ್ಮದಲ್ಲಿ ದಟ್ಟವಾಗಿವೆ. ಇದನ್ನು ನೀವು ನಿಮ್ಮ ಕೆಲಸದಲ್ಲಿಯೇ ನೋಡಿದ್ದೀರಿ. ಮಕ್ಕಳ ತೋಳಿಗೆ ಹಾಕುವ ಬಿಸಿಜಿ, ಪೋಲಿಯೋದ 0.1 ಮಿಲಿಲೀಟರ್ ಚುಚ್ಚುಮದ್ದು, ನಾಯಿ ಕಚ್ಚಿದವರಿಗೆ ಆಸ್ಪತ್ರೆಯಲ್ಲಿ ಎರಡು ಕಡೆ ಕೊಡುವ ರೇಬಿಸ್ ಲಸಿಕೆ, ಎಲ್ಲವೂ ಚರ್ಮದ ಪದರದೊಳಗೇ ಹೋಗುವಂಥವು. ಪೋಲಿಯೋ ಚುಚ್ಚುಮದ್ದಿನ ಪೂರ್ಣ ಪ್ರಮಾಣ 0.5 ಮಿಲಿಲೀಟರ್, ಚರ್ಮದೊಳಗೆ ಕೊಟ್ಟಾಗ ಅದರ ಐದನೇ ಒಂದು ಭಾಗವೇ ಸಾಕಾಗುತ್ತದೆ. ಆದರೆ ಆ ಸೂಜಿಯನ್ನು ಚರ್ಮಕ್ಕೆ ಸಮಾನಾಂತರವಾಗಿ ಹಿಡಿದು ಸಣ್ಣ ಗುಳ್ಳೆ ಏಳುವಂತೆ ಕೊಡುವುದಕ್ಕೆ ಎಷ್ಟು ಪಳಗಿದ ಕೈ ಬೇಕು, ಅಳುವ ಮಗುವಿನ ತೋಳಿನಲ್ಲಿ ಅದು ಎಷ್ಟು ಕಷ್ಟ ಎಂಬುದನ್ನು ನಿಮ್ಮ ಕೇಂದ್ರದ ದಾದಿಯರು ಹೇಳಿಯಾರು. ಪ್ಯಾಚನ್ನು ಒತ್ತುವುದಕ್ಕೆ ಆ ಮಟ್ಟದ ತರಬೇತಿ ಬೇಡ. ಸಾಕಷ್ಟು ಒತ್ತಿದಾಗ ಕ್ಲಿಕ್ ಎಂದು ಸದ್ದು ಮಾಡುವ ಸಾಧನವನ್ನು ಕೆಲವು ಪ್ಯಾಚುಗಳ ಹಿಂಬದಿಗೆ ಜೋಡಿಸಿರುತ್ತಾರೆ.

ಮನುಷ್ಯರ ಮೇಲಿನ ಎರಡು ಪರೀಕ್ಷೆಗಳನ್ನು ಇಲ್ಲಿ ಹೇಳಲೇಬೇಕು. ಇನ್‌ಫ್ಲುಯೆಂಜಾ ಲಸಿಕೆ ತುಂಬಿದ ಕರಗುವ ಸೂಜಿಗಳ ಪ್ಯಾಚನ್ನು ಅಮೆರಿಕದ ಅಟ್ಲಾಂಟಾದಲ್ಲಿ 100 ಮಂದಿಯಿದ್ದ ಪರೀಕ್ಷೆಯಲ್ಲಿ ಪರಿಶೀಲಿಸಿ, 2017ರಲ್ಲಿ ಫಲಿತಾಂಶ ಪ್ರಕಟಿಸಲಾಯಿತು. ಚುಚ್ಚುಮದ್ದಿಗೆ ಸಮನಾದ ಪ್ರತಿಕಾಯಗಳು ಹುಟ್ಟಿದವು, ತಾವೇ ಅಂಟಿಸಿಕೊಂಡವರಲ್ಲಿಯೂ ಫಲಿತಾಂಶ ಹಾಗೆಯೇ ಇತ್ತು. ಫ್ರಿಜ್ಜಿನ ಹೊರಗೆ, 40 ಡಿಗ್ರಿ ಉಷ್ಣತೆಯಲ್ಲಿ ಒಂದು ವರ್ಷ ಇಟ್ಟರೂ ಆ ಲಸಿಕೆ ಕೆಡಲಿಲ್ಲ. ಎರಡನೆಯದು ಆಫ್ರಿಕಾದ ಗ್ಯಾಂಬಿಯಾದಲ್ಲಿ ನಡೆದದ್ದು. ದಡಾರ ಮತ್ತು ರುಬೆಲ್ಲಾ ಲಸಿಕೆಯ ಪ್ಯಾಚನ್ನು ಮೊದಲು ವಯಸ್ಕರಿಗೆ, ಅನಂತರ ಒಂದೂವರೆ ವರ್ಷದೊಳಗಿನ ಮಕ್ಕಳಿಗೆ, ಕೊನೆಗೆ ಒಂಬತ್ತು ತಿಂಗಳ ಶಿಶುಗಳಿಗೆ ಹಾಕಿ ನೋಡಿದರು. 2024ರಲ್ಲಿ ಪ್ರಕಟವಾದ ವರದಿಯಂತೆ ಶಿಶುಗಳಲ್ಲಿ ದಡಾರದ ವಿರುದ್ಧ ಪ್ಯಾಚಿನಿಂದ ಶೇ. 90ಕ್ಕೂ ಹೆಚ್ಚು ಮಂದಿಗೆ ರಕ್ಷಣೆಯ ಲಕ್ಷಣ ಕಂಡಿತು, ಚುಚ್ಚುಮದ್ದು ಪಡೆದವರಲ್ಲಿಯೂ ಹೆಚ್ಚುಕಡಿಮೆ ಅಷ್ಟೇ. ಮಕ್ಕಳ ಲಸಿಕೆಯ ವಿಷಯದಲ್ಲಿ ಈವರೆಗೆ ಬಂದಿರುವ ಅತ್ಯಂತ ಭರವಸೆಯ ಫಲಿತಾಂಶ ಇದು. ಇನ್ನೂ ದೊಡ್ಡ ಪರೀಕ್ಷೆಗಳು ಆಗಬೇಕಿವೆ.

ಹಾಗಾದರೆ ಮಂಗನ ಕಾಯಿಲೆಗೆ? 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ, ಉಣುಗು ಕಚ್ಚಿ ಹರಡುವ ಕಾಯಿಲೆ ಇದು; ಅದರ ಲಸಿಕೆಯ ಕಷ್ಟ ನಮ್ಮ ಜಿಲ್ಲೆಯವರಿಗೆ ಗೊತ್ತಿರುವಷ್ಟು ಬೇರೆಯವರಿಗೆ ಗೊತ್ತಿರಲಾರದು. ಹಳೆಯ ಲಸಿಕೆಯನ್ನು ಒಂದು ತಿಂಗಳ ಅಂತರದಲ್ಲಿ ಎರಡು ಸಲ, ಆರರಿಂದ ಒಂಬತ್ತು ತಿಂಗಳಿಗೆ ಮತ್ತೊಮ್ಮೆ, ಆಮೇಲೆ ವರ್ಷ ವರ್ಷವೂ ಹಾಕಬೇಕಿತ್ತು. ನೋವು ಹೆಚ್ಚು ಎಂದು ಎರಡನೆಯ ಸಲಕ್ಕೇ ಬಾರದವರು ಅನೇಕರು. 2005ರಿಂದ 2010ರವರೆಗಿನ ಮಾಹಿತಿಯನ್ನು ಆಧರಿಸಿದ ಅಧ್ಯಯನದಲ್ಲಿ ಎರಡು ಡೋಸ್ ಪಡೆದವರಿಗೆ ಸಿಕ್ಕ ರಕ್ಷಣೆ ಶೇ. 62, ಬೂಸ್ಟರ್ ಕೂಡ ಪಡೆದವರಿಗೆ ಶೇ. 83 ಎಂದು ಕಂಡುಬಂದಿತ್ತು. ಮುಂದೆ ಲಸಿಕೆಯ ಸತ್ವವೇ ಕಡಿಮೆಯಾಗಿದೆ ಎಂದು ತಿಳಿದು ಅದರ ಬಳಕೆ ನಿಂತಿತು. ಇಲ್ಲಿ ಒಂದು ಮಾತನ್ನು ಸ್ಪಷ್ಟವಾಗಿ ಹೇಳುತ್ತೇನೆ. ಪ್ಯಾಚ್ ಎನ್ನುವುದು ಲಸಿಕೆಯನ್ನು ಒಳಗೆ ತಲುಪಿಸುವ ಸಾಧನ ಮಾತ್ರ. ಸತ್ವವಿಲ್ಲದ ಲಸಿಕೆಯನ್ನು ಎಷ್ಟು ನಯವಾಗಿ ಒಳಗೆ ಕಳುಹಿಸಿದರೂ ರಕ್ಷಣೆ ಸಿಗುವುದಿಲ್ಲ. ಮೊದಲು ಒಳ್ಳೆಯ ಹೊಸ ಲಸಿಕೆ ಬರಬೇಕು. ಅದು ಬಂದ ಮೇಲೆ ಅದನ್ನು ಪ್ಯಾಚಿನಲ್ಲಿ ಕೊಡುವುದಕ್ಕೆ ತಾತ್ವಿಕವಾಗಿ ಅಡ್ಡಿಯಿಲ್ಲ, ಮತ್ತು ಒಂದು ಮನೆಯಿಂದ ಇನ್ನೊಂದು ಮನೆಗೆ ಗದ್ದೆ, ಹಳ್ಳ, ಗುಡ್ಡ ದಾಟಿ ಹೋಗಬೇಕಾದ ನಿಮ್ಮಂಥವರಿಗೆ ಐಸ್ ಪೆಟ್ಟಿಗೆ ಹೊರದೆ ಬೂಸ್ಟರ್ ಕೊಡಲು ಸಾಧ್ಯವಾದರೆ ಅದರಿಂದ ಆಗುವ ಉಪಕಾರ ಬಹಳ ದೊಡ್ಡದು. ಅಲ್ಲಿಯವರೆಗೆ ಕಾಡಿಗೆ ಹೋಗುವವರು ಮೈತುಂಬ ಬಟ್ಟೆ ಧರಿಸಿ ಉಣುಗನ್ನು ದೂರವಿಡುವ ಡೆಪಾ ತೈಲ ಹಚ್ಚಿಕೊಳ್ಳುವುದು, ಬಂದ ಮೇಲೆ ಬಿಸಿನೀರಿನಲ್ಲಿ ಸ್ನಾನ ಮಾಡಿ ಉಣುಗು ಕಚ್ಚಿದೆಯೇ ಎಂದು ನೋಡಿಕೊಳ್ಳುವುದು, ಸತ್ತ ಮಂಗ ಕಂಡರೆ ತಿಳಿಸುವುದು, ಇವೇ ರಕ್ಷಣೆ.

ಮಲೆನಾಡಿಗೆ ಪ್ಯಾಚ್ ಬರುವುದಾದರೆ ನಾನು ತಯಾರಕರನ್ನು ಕೇಳುವ ಮೊದಲ ಪ್ರಶ್ನೆ ಬಿಸಿಯದ್ದಲ್ಲ, ತೇವದ್ದು. 40 ಡಿಗ್ರಿಯಲ್ಲಿ ಕೆಡಲಿಲ್ಲ ಎಂಬುದನ್ನು ಎಲ್ಲರೂ ಎತ್ತಿ ಹೇಳುತ್ತಾರೆ, ಮತ್ತು ಬಯಲುಸೀಮೆಗೆ, ಆಫ್ರಿಕಾದ ಒಣನಾಡುಗಳಿಗೆ ಅದು ಬಹಳ ಮುಖ್ಯ. ನಮ್ಮಲ್ಲಿ ಬಿಸಿಲು ಅಷ್ಟಕ್ಕೆ ಏರುವುದೇ ಅಪರೂಪ. ಆದರೆ ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ಆಸುಪಾಸು ಮಳೆ ಸುರಿಯುವ ಆಗುಂಬೆ, ಅದಕ್ಕೆ ಸರಿಗಟ್ಟುವ ಹುಲಿಕಲ್ ಸೀಮೆಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯೇ ನೀರು. ಕರಗುವ ಸೂಜಿಯ ಪಾಲಿಮರುಗಳು ನೀರನ್ನು ಕಂಡರೆ ಎಳೆದುಕೊಳ್ಳುವಂಥವು. ಚರ್ಮದೊಳಗೆ ಅವು ಕರಗುವುದಕ್ಕೆ ಕಾರಣವಾದ ಗುಣವೇ ಹೊರಗೆ ಅವುಗಳಿಗೆ ಶತ್ರು. ಆಷಾಢದಲ್ಲಿ ಡಬ್ಬಿಯ ಮುಚ್ಚಳ ಸಡಿಲ ಬಿಟ್ಟ ಹಲಸಿನ ಹಪ್ಪಳ ಒಂದೇ ರಾತ್ರಿಯಲ್ಲಿ ಮೆತ್ತಗಾಗುವಂತೆ ಇವೂ ಮೆತ್ತಗಾಗುತ್ತವೆ. ಮಳೆಗಾಲದಲ್ಲಿ ತೇವ ತೆಗೆಯುವ ಯಂತ್ರವಿಲ್ಲದ ಕೋಣೆಯಲ್ಲಿ ಪಿವಿಪಿ ಪಟ್ಟಿಯನ್ನು ತೆರೆದಿಟ್ಟು ನೋಡಿದ್ದೇನೆ: ಮೊದಲು ತುದಿ ಮೊಂಡಾಗುತ್ತದೆ, ಆಮೇಲೆ ಸೂಜಿಗಳು ಒಂದರ ಮೇಲೊಂದು ಒರಗಿದಂತೆ ಬಾಗುತ್ತವೆ. ಕಣ್ಣಿಗೆ ಪಟ್ಟಿ ಸರಿಯಾಗಿಯೇ ಕಾಣುತ್ತದೆ, ಒತ್ತಿದರೆ ಮಾತ್ರ ಒಂದು ಸೂಜಿಯೂ ಇಳಿಯುವುದಿಲ್ಲ. ಹಾಕಿದವರು ಹಾಕಿದೆವು ಎಂದು ಬರೆದುಕೊಳ್ಳುತ್ತಾರೆ, ಹಾಕಿಸಿಕೊಂಡವರು ರಕ್ಷಣೆ ಸಿಕ್ಕಿತು ಎಂದುಕೊಳ್ಳುತ್ತಾರೆ. ಇದು ಸಣ್ಣ ವಿಷಯವಲ್ಲ. ಆದ್ದರಿಂದ ಒಂದೊಂದು ಪ್ಯಾಚೂ ತೇವ ಹೀರುವ ಪುಡಿಯ ಪೊಟ್ಟಣದೊಂದಿಗೆ ಅಲ್ಯೂಮಿನಿಯಂ ಹಾಳೆಯ ಲಕೋಟೆಯಲ್ಲಿ ಬಿಡಿಬಿಡಿಯಾಗಿ ಬರಬೇಕು, ಲಕೋಟೆ ತೆರೆದ ಮೇಲೆ ಎಷ್ಟು ನಿಮಿಷದೊಳಗೆ ಒತ್ತಬೇಕು ಎಂಬುದನ್ನು ಇಲ್ಲಿನ ಮಳೆಗಾಲದಲ್ಲಿಯೇ ಪರೀಕ್ಷಿಸಿ ಬರೆದಿರಬೇಕು, ಒದ್ದೆಯಾದ ಪ್ಯಾಚನ್ನು ಗುರುತಿಸಲು ಬಣ್ಣ ಬದಲಿಸುವ ಗುರುತೊಂದು ಲಕೋಟೆಯಲ್ಲಿರಬೇಕು. ಮಳೆಯಲ್ಲಿ ನೆನೆದ ತೋಳನ್ನು ಒರೆಸದೆ ಅಂಟಿಸಿದರೂ ಇದೇ ಗತಿ. ಒಣಹವೆಯ ಊರಿನ ಪ್ರಯೋಗಾಲಯದಲ್ಲಿ ಗೆದ್ದ ಪ್ಯಾಚ್ ಹುಲಿಕಲ್, ಆಗುಂಬೆಯಲ್ಲಿ ಗೆಲ್ಲುತ್ತದೆ ಎಂದು ಯಾರೂ ಮುಂಗಡವಾಗಿ ಮಾತು ಕೊಡಬಾರದು.

ಚರ್ಮದಾಚೆಗೂ ಈ ಕೆಲಸ ಹಬ್ಬಿದೆ. ಕರುಳಿನಲ್ಲಿ ತೆರೆದುಕೊಂಡು ತನ್ನ ತೋಳುಗಳ ತುದಿಯ ಕರಗುವ ಸೂಜಿಗಳಿಂದ ಇನ್ಸುಲಿನ್ ಕೊಡುವ ನುಂಗುವ ಸಾಧನವನ್ನು ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಸಂಶೋಧಕರು 2019ರಲ್ಲಿ ಹಂದಿಗಳಲ್ಲಿ ತೋರಿಸಿದ್ದಾರೆ. ಹೃದಯಾಘಾತದಿಂದ ಹಾನಿಯಾದ ಜಾಗಕ್ಕೆ ಅಂಟಿಸುವ ಪಾಲಿಮರ್ ಸೂಜಿಗಳ ಪ್ಯಾಚ್ ಕೂಡ ಪ್ರಾಣಿಗಳ ಮೇಲಿನ ಪರೀಕ್ಷೆಯ ಹಂತದಲ್ಲಿದೆ. ಇವೆಲ್ಲವುಗಳಿಗಿಂತ ನನಗೆ ನಮ್ಮ ಸೀಮೆಗೆ ಬೇಕೆನಿಸುವುದು ಬಾಯಿಯ ಒಳಗಿನ ಬಳಕೆ. ಅಡಿಕೆ, ಗುಟ್ಕಾ ಅಗಿಯುವವರಲ್ಲಿ ಕೆನ್ನೆಯ ಒಳಪದರ ಬಿಗಿದು ಬಾಯಿ ತೆರೆಯಲಾಗದಂತೆ ಆಗುವ ಕಾಯಿಲೆಗೆ ದಂತವೈದ್ಯರು ವಾರಗಟ್ಟಲೆ ಕೆನ್ನೆಯೊಳಗೆ ಹಲವು ಕಡೆ ಚುಚ್ಚುಮದ್ದು ಕೊಡುತ್ತಾರೆ. ಅದರ ನೋವಿಗೆ ಅರ್ಧಕ್ಕೇ ಬಿಟ್ಟುಬಿಡುವವರುಂಟು. ಬೇಕಾದ ಔಷಧಿ ಸ್ವಲ್ಪ, ತಲುಪಬೇಕಾದ ಜಾಗ ಮೇಲೆಯೇ ಇದೆ. ಕರಗುವ ಸೂಜಿಗೆ ಇದಕ್ಕಿಂತ ಒಪ್ಪುವ ಕೆಲಸ ಕಡಿಮೆ.

ಕೊನೆಯದಾಗಿ ಅಮ್ಮನ ವಿಷಯ. ಪ್ಯಾಚಿಗಾಗಿ ಕಾಯದೆ ನೋವನ್ನು ಇವತ್ತೇ ಕಡಿಮೆ ಮಾಡಿಕೊಳ್ಳಲು ದಾರಿಯಿದೆ. ಇನ್ಸುಲಿನ್ ಪೆನ್ನಿಗೆ 4 ಮಿಲಿಮೀಟರ್ ಉದ್ದದ, ತೀರ ತೆಳುವಾದ ಸೂಜಿಗಳು ಔಷಧಿ ಅಂಗಡಿಗಳಲ್ಲಿ ಸಿಗುತ್ತವೆ, ಮೈ ದಪ್ಪವಿರಲಿ ತೆಳುವಿರಲಿ ಹೆಚ್ಚಿನ ವಯಸ್ಕರಿಗೆ ಅವು ಸಾಕು. ಸೀಸೆಯಿಂದ ಪೆನ್ನಿಗೆ ಬದಲಾಗುವಾಗ ಮಾತ್ರ ಎಚ್ಚರ ಬೇಕು, ಏಕೆಂದರೆ ನಮ್ಮಲ್ಲಿ ಸಾಮಾನ್ಯವಾಗಿ ಸಿಗುವ ಸೀಸೆಯಲ್ಲಿ ಪ್ರತಿ ಮಿಲಿಲೀಟರಿಗೆ 40 ಯೂನಿಟ್, ಪೆನ್ನಿನ ಕಾರ್ಟ್ರಿಡ್ಜ್‌ನಲ್ಲಿ 100 ಯೂನಿಟ್ ಇರುತ್ತದೆ. ಕಾರ್ಟ್ರಿಡ್ಜ್‌ನ ಔಷಧಿಯನ್ನು ಸಿರಿಂಜಿಗೆ ಎಳೆದು ಎಂದೂ ಕೊಡಬೇಡಿ. ಬಳಸಲು ತೆರೆದ ಇನ್ಸುಲಿನ್ ಬಿಸಿಲು, ಒಲೆಯ ಶಾಖ ತಾಗದ ಕಡೆ, 25ರಿಂದ 30 ಡಿಗ್ರಿಯೊಳಗೆ ಸಾಮಾನ್ಯವಾಗಿ ನಾಲ್ಕು ವಾರ ಕೆಡುವುದಿಲ್ಲ, ನಿಮ್ಮ ಔಷಧಿಯ ಚೀಟಿಯಲ್ಲಿ ಬರೆದಿರುವ ಅವಧಿಯನ್ನು ಒಮ್ಮೆ ನೋಡಿಕೊಳ್ಳಿ. ನಿಮ್ಮಲ್ಲಿ ಕರೆಂಟ್ ಹೋಗುವ ಮಳೆಗಾಲವೇ ತಂಪಿನ ಕಾಲವೂ ಆಗಿರುವುದರಿಂದ ಬಳಕೆಯಲ್ಲಿರುವ ಸೀಸೆಗೆ ಭಯವಿಲ್ಲ. ತೆರೆಯದ ಸೀಸೆಗಳನ್ನು ತಿಂಗಳಿಗೆ ಬೇಕಾದಷ್ಟೇ ತಂದಿಟ್ಟುಕೊಳ್ಳಿ, ಫ್ರೀಜರ್‌ನಲ್ಲಿ ಎಂದೂ ಇಡಬೇಡಿ. ಅಮ್ಮ ಪ್ರತಿಸಲ ಹೊಟ್ಟೆಯ ಒಂದೇ ಜಾಗಕ್ಕೆ ಚುಚ್ಚಿಕೊಳ್ಳುತ್ತಿದ್ದರೆ ಅಲ್ಲಿ ಬೆರಳಾಡಿಸಿ ನೋಡಿ. ಕೊಬ್ಬು ಗಂಟುಕಟ್ಟಿದಂತೆ ಗಟ್ಟಿಯಾಗಿದ್ದರೆ ಅಲ್ಲಿಂದ ಇನ್ಸುಲಿನ್ ಸರಿಯಾಗಿ ಹೀರಿಕೊಳ್ಳುವುದಿಲ್ಲ, ಜಾಗ ಬದಲಿಸಬೇಕು. ಆದರೆ ಬದಲಿಸುವ ಮೊದಲು ವೈದ್ಯರಿಗೆ ತಿಳಿಸಿ. ಹೊಸ ಜಾಗದಲ್ಲಿ ಅದೇ ಪ್ರಮಾಣ ಪೂರ್ತಿಯಾಗಿ ರಕ್ತಕ್ಕೆ ಸೇರಿ ಸಕ್ಕರೆ ತೀರ ಇಳಿಯಬಹುದಾದ್ದರಿಂದ ಅವರು ಯೂನಿಟ್ ಕಡಿಮೆ ಮಾಡಬೇಕಾದೀತು.